ಖಾಲಿ ಬಟ್ಟಲು ಕಾಯುವ ಸೊನ್ನೆಯಣ್ಣ

ಬೆಳಗಿನ ಜಾವ ಸೂರ್ಯನ ಬಾಗಿಲು ತಟ್ಟಿ, ‘ಏಳಪ್ಪ, ನಿನ್ನ ಪಾಳಿ ಬಂತು’ ಎಂದು ಎಬ್ಬಿಸಿ ಕೆಲಸಕ್ಕೆ ಬರುವ ಮನುಷ್ಯ ಯಾರಾದರೂ ಇದ್ದರೆ ಅದು ಸೊನ್ನೆಯಣ್ಣ. ಹಾಲಿನವನು, ಪೇಪರಿನವನು, ಕಸದ ಗಾಡಿಯವಳು ಎಲ್ಲರೂ ಇವರ ಮುಂದೆ ಶುದ್ಧ ಸೋಮಾರಿಗಳು. ಬೀದಿಯ ನಾಯಿಗಳು ಇವರನ್ನು ನೋಡಿ ಬೊಗಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಈಗ ಒಂದು ಸಲ ಆಕಳಿಸಿ ಮಗ್ಗುಲು ಬದಲಿಸುತ್ತವೆ, ಅಷ್ಟೆ. ರಸಗೊಬ್ಬರ ಪರೀಕ್ಷಾಲಯದ ಹಿಂಬಾಗಿಲ ಬೀಗ ತೆಗೆದು ಒಳಗೆ ಬಂದವರೇ ಇವರು ಮೊದಲು ಕಳಚುವುದು ತಮ್ಮನ್ನೇ. ಗಡಿಯಾರ, ಬೆಲ್ಟು, ಉಂಗುರ, ಜೇಬಿನ ಚಿಲ್ಲರೆ, ಚಪ್ಪಲಿ ಎಲ್ಲವೂ ಹೊರಗಿನ ಗೂಡಿಗೆ. ಆಮೇಲೆ ಮೊಣಕೈವರೆಗೆ ಕೈ ತೊಳೆಯುತ್ತಾರೆ. ಆ ತೊಳೆಯುವಿಕೆಯನ್ನು ನೋಡಿದರೆ, ಹುಟ್ಟಿದಾಗಿನಿಂದ ಅಂಟಿದ ಪಾಪವೆಲ್ಲ ಇವತ್ತೇ ಹೋಗಬೇಕು ಎಂದು ಯಾರೋ ಕರಾರು ಹಾಕಿದಂತಿರುತ್ತದೆ.

‘ಲಾರಿಗಳು ಎದ್ದರೆ ರಸ್ತೆ ಧೂಳೂ ಎದ್ದುಬಿಡುತ್ತೆ. ಅದು ಏಳೋದ್ರೊಳಗೆ ನಾನು ಬಟ್ಟಲು ಮುಚ್ಚಿರಬೇಕು. ನಮ್ಮಿಬ್ಬರಿಗೂ ದಿನಾ ಪಂದ್ಯ,’ ಎನ್ನುತ್ತಾರೆ ಅವರು, ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ. ಕೋಟಿಗೆ ಇರುವುದು ಪ್ಲಾಸ್ಟಿಕ್ ಗುಂಡಿ. ಲೋಹದ ಗುಂಡಿ ಇವರ ಪಾಲಿಗೆ ಹಾವಿಗಿಂತ ಕಡೆ. ತಲೆಗೆ ಕಾಗದದ ಟೋಪಿ. ಟೋಪಿಯ ಕೆಳಗೆ ಸದ್ಯಕ್ಕೆ ಇರುವುದು ಗುಬ್ಬಚ್ಚಿಯೂ ಗೂಡಿಗೆ ಬೇಡ ಎನ್ನುವಷ್ಟು ಮೋಟು ಕೂದಲು. ಅದರ ಕಥೆ ದೊಡ್ಡದು, ಬರುತ್ತದೆ.

ಗೊಬ್ಬರದಲ್ಲಿ ಗಿಡಕ್ಕೆ ಬೇಕಾದದ್ದು ಎಷ್ಟಿದೆ ಎಂದು ಅಳೆಯುವವರು ಬೇರೆ ಕೋಣೆಯವರು. ಅವರದು ಮೂಟೆ ಲೆಕ್ಕ, ದೊಡ್ಡ ಲೆಕ್ಕ. ಸೊನ್ನೆಯಣ್ಣನ ಕೋಣೆಯಲ್ಲಿ ಹುಡುಕುವುದು ಇರಬಾರದ್ದನ್ನು. ಸೀಸ, ಪಾಷಾಣ, ಪಾದರಸ, ಇವೆಲ್ಲಕ್ಕಿಂತ ಹೆಚ್ಚಾಗಿ ಕ್ಯಾಡ್ಮಿಯಂ ಎಂಬ ಮಹಾ ಮೌನಿ. ಬಂಡೆಯಿಂದ ಗೊಬ್ಬರಕ್ಕೆ, ಗೊಬ್ಬರದಿಂದ ಮಣ್ಣಿಗೆ, ಮಣ್ಣಿನಿಂದ ಸೊಪ್ಪಿಗೆ, ಸೊಪ್ಪಿನಿಂದ ತಿಂದವರ ಮೂತ್ರಪಿಂಡಕ್ಕೆ ಟಿಕೆಟ್ ಇಲ್ಲದೆ ಪ್ರಯಾಣ ಮಾಡುತ್ತದೆ ಅದು. ಒಮ್ಮೆ ಹೊಲಕ್ಕೆ ಬಂದರೆ ಬಾಡಿಗೆ ಕೊಡದ ಬಾಡಿಗೆದಾರನಂತೆ ಅಲ್ಲೇ ಠಿಕಾಣಿ. ಹಿಡಿಯಬೇಕೆಂದರೆ ಗೊಬ್ಬರ ಚೀಲದಲ್ಲಿರುವಾಗಲೇ ಹಿಡಿಯಬೇಕು. ಅದೆಷ್ಟು ಸಣ್ಣ ಪ್ರಮಾಣವೆಂದರೆ, ಒಂದು ಕೆರೆಗೆ ಯಾರೋ ಒಂದು ಚಿಟಿಕೆ ಉಪ್ಪು ಹಾಕಿ ಓಡಿಹೋದರೆ ಆ ಕೆರೆಯ ನೀರು ಕುಡಿದು, ಹಾಕಿದವನು ಎಡಗೈಯವನೋ ಬಲಗೈಯವನೋ ಎಂದು ಹೇಳಿದ ಹಾಗೆ.

ಹೇಳುವುದು ಪಕ್ಕದ ಕೋಣೆಯ ಯಂತ್ರ. ಅದಕ್ಕೆ ಉಣಿಸುವವರು ಇವರು. ಗೊಬ್ಬರದ ಹರಳನ್ನು ನುಣುಪು ಕಲ್ಲಿನ ಪುಟ್ಟ ಒರಳಲ್ಲಿ ಅರೆಯುತ್ತಾರೆ. ಕಬ್ಬಿಣದ್ದಾದರೆ ಒರಳೇ ಪುಡಿಯ ಜೊತೆ ಸೇರಿಕೊಳ್ಳುತ್ತದಂತೆ. ಚಿಟಿಕೆ ಪುಡಿಯನ್ನು ತೂಗಿ ಬಿಳಿ ಬಟ್ಟಲಿಗೆ ಹಾಕಿ, ಆಮ್ಲ ಸುರಿದು, ಕಾಯಿಸಿ, ಕಣ್ಣೀರಿನಷ್ಟು ತಿಳಿಯಾಗುವವರೆಗೆ ಕರಗಿಸುತ್ತಾರೆ. ದಿನಕ್ಕೆ ನಲವತ್ತು ಬಟ್ಟಲು. ಗೊಬ್ಬರ ಯಾರದು, ಯಾವ ಊರಿನದು ಎಂದು ಇವರಿಗೆ ಗೊತ್ತಿರುವುದಿಲ್ಲ. ಬರುವುದು ಬರೀ ಸಂಖ್ಯೆ. ಆ ನಲವತ್ತರ ನಡುವೆ ಒಂದು ಬಟ್ಟಲಿಗೆ ಗೊಬ್ಬರ ಹಾಕುವುದೇ ಇಲ್ಲ. ಆಮ್ಲವಷ್ಟೇ. ಉಳಿದವಕ್ಕೆ ಮಾಡಿದ ಉಪಚಾರವೆಲ್ಲ ಅದಕ್ಕೂ. ಅದರ ಹೆಸರು ‘ಖಾಲಿ’. ಯಂತ್ರ ಅದನ್ನು ಕುಡಿದು ಸೊನ್ನೆ ಎನ್ನಬೇಕು. ಸೊನ್ನೆ ಬರಲಿಲ್ಲವೋ, ಮನೆಯೊಳಗೇ ಕಳ್ಳನಿದ್ದಾನೆ ಎಂದರ್ಥ. ಆವತ್ತಿನ ನಲವತ್ತೂ ಬಟ್ಟಲು ಚರಂಡಿಗೆ. ಇವರ ಖಾಲಿ ಎಷ್ಟು ವರ್ಷದಿಂದ ಸೊನ್ನೆ ತೋರಿಸುತ್ತಿದೆಯೆಂದರೆ, ಹೆತ್ತವರು ಇಟ್ಟ ಹೆಸರನ್ನು ಸಂಬಳ ಕೊಡುವವರೂ ಮರೆತಿದ್ದಾರೆ.

ಇವರು ಮೊದಲು ತೊಳೆಯುತ್ತಿದ್ದದ್ದು ಹೋಟೆಲಿನ ಲೋಟ. ಪರೀಕ್ಷಾಲಯದ ಹಳೆಯ ಮುಖ್ಯಸ್ಥರು ಅಲ್ಲಿ ದಿನಾ ಟೀ ಕುಡಿಯುತ್ತಿದ್ದರು. ಒಂದು ದಿನ ಲೋಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು, ‘ಇದನ್ನು ತೊಳೆದವರು ಯಾರು?’ ಎಂದರಂತೆ. ಬೈಗುಳ ಬಂತು ಎಂದುಕೊಂಡು ಹೋಟೆಲಿನ ಮಾಲೀಕ ಇವರನ್ನು ಮುಂದೆ ತಳ್ಳಿದ. ತಳ್ಳಿದ ರಭಸಕ್ಕೆ ಬಂದು ಬಿದ್ದದ್ದು ಇಲ್ಲಿ. ‘ಲೋಟ ತೊಳೆಯೋದಕ್ಕೂ ಬಟ್ಟಲು ತೊಳೆಯೋದಕ್ಕೂ ಒಂದೇ ವ್ಯತ್ಯಾಸ,’ ಎನ್ನುತ್ತಾರೆ. ‘ಅಲ್ಲಿ ಕಣ್ಣಿಗೆ ಕಾಣೋ ಕೊಳೆ ತೆಗೀಬೇಕು. ಇಲ್ಲಿ ಕಾಣದೇ ಇರೋದನ್ನ.’

ಕಾಣದ್ದನ್ನು ತೊಳೆದು ತೊಳೆದು ಬೆರಳಿನ ಗೆರೆಗಳೂ ಹೋಗಿವೆ. ಬೆರಳೊತ್ತಿದರೆ ಮೊಬೈಲು ಇವರನ್ನು ಪರಕೀಯ ಎನ್ನುತ್ತದೆ. ಮೂಗಂತೂ ಆಮ್ಲದ ಹೊಗೆಗೆ ಎಂದೋ ಶರಣಾಯಿತು. ಪಕ್ಕದಲ್ಲಿ ಪಟಾಕಿ ಗೋದಾಮು ಸುಟ್ಟರೂ ಇವರಿಗೆ ಸುದ್ದಿ ಕಿವಿಯಿಂದಲೇ ಹೋಗಬೇಕು. ಇನ್ನೊಂದು ಅಭ್ಯಾಸ ಎಲುಬಿಗೇ ಇಳಿದಿದೆ. ಇವರು ನಿಂತಾಗ ಕೈಗಳು ಮೈಯಿಂದ ಒಂದಿಷ್ಟು ದೂರ, ಗಾಳಿಯಲ್ಲಿ ತೇಲುತ್ತಿರುತ್ತವೆ. ಕಂಬಿ ಹಿಡಿಯುವುದಿಲ್ಲ, ಗೋಡೆಗೆ ಒರಗುವುದಿಲ್ಲ, ಜೇಬಿಗೆ ಕೈ ಇಳಿಸುವುದಿಲ್ಲ. ಬಸ್ಸಿನಲ್ಲಿ ಎಷ್ಟು ಸಲ ಬಿದ್ದಿದ್ದಾರೋ ಆ ಬಸ್ಸಿನ ನೆಲಕ್ಕೇ ಗೊತ್ತು.

ಮದುವೆಯಾದ ಹೊಸತರಲ್ಲಿ ಇವರ ಸೊನ್ನೆಗೆ ಮೊದಲ ಬೆಲೆ ತೆತ್ತವರು ಹೆಂಡತಿ. ಒಂದು ವಾರ ಖಾಲಿ ಬಟ್ಟಲಿನಲ್ಲಿ ಸತು ಕಾಣಿಸಿತು. ಹುಡುಕಿ ಹುಡುಕಿ ಸಾಕಾದ ಮೇಲೆ ಸಿಕ್ಕಿದ್ದು ಆಕೆಯ ಮುಖದ ಪೌಡರಿನಲ್ಲಿ. ಅದು ಇವರ ಅಂಗಿಯ ಭುಜಕ್ಕೆ ಹೇಗೆ ಬಂತು ಎಂದು ಪರೀಕ್ಷಾಲಯದಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಎರಡು ದಿನ ಮುಸಿಮುಸಿ ನಕ್ಕರು. ಆಕೆ ಪೌಡರ್ ಬಿಟ್ಟರು. ಕೈಗೆ ಹಚ್ಚುವ ಮುಲಾಮು ಬಿಟ್ಟರು. ಹೆಸರಾಂತ ಸುಂದರಿಯರೆಲ್ಲ ಸಾಲಾಗಿ ನಿಂತರೂ ಬರೀ ನೀರಿನಲ್ಲಿ ತೊಳೆದ ಆ ಮುಖದ ಮುಂದೆ ಮಂಕು ಎಂಬುದು ಸೊನ್ನೆಯಣ್ಣನ ಅಭಿಪ್ರಾಯ. ಆದರೆ ಅದನ್ನು ಆಕೆಯ ಎದುರು ಒಮ್ಮೆಯೂ ಹೇಳಿದವರಲ್ಲ.

ಹೇಳುವುದರೊಳಗೆ ಆಕೆ ದೂರ ಹೋದರು. ಮಗಳ ಓದಿಗಾಗಿ ಎರಡು ವರ್ಷದ ಮಟ್ಟಿಗೆ ಎಂದು ಹೊರಟದ್ದು, ಕಡಲಾಚೆಯ ದೇಶಕ್ಕೆ, ಒಂದು ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ. ಮಗಳು ಓದು ಮುಗಿಸಿದಳು. ಓದಿದ್ದಕ್ಕೂ ಮಾಡುವುದಕ್ಕೂ ಸಂಬಂಧವಿಲ್ಲ ಎಂದು ಸಾರಿ ಹೇಳಿ ಕೂದಲು ಕತ್ತರಿಸುವ ಅಂಗಡಿ ಸೇರಿದಳು, ಈಗ ಅದೇ ಬೀದಿಯಲ್ಲಿ ಅವಳದೇ ಅಂಗಡಿ, ಎರಡು ಕುರ್ಚಿ, ಮೂರು ಕನ್ನಡಿ. ತಾಯಿ ಮಾತ್ರ ಫೋನಿನಲ್ಲಿ ‘ಇನ್ನೊಂದು ವರ್ಷ ಅಷ್ಟೆ ಕಣ್ರೀ’ ಎನ್ನುತ್ತಲೇ ಇದ್ದಾರೆ. ಆ ಒಂದು ವರ್ಷ ರಬ್ಬರಿನದು, ಎಳೆದಷ್ಟೂ ಬರುತ್ತದೆ. ನಡುನಡುವೆ ರಜೆಯ ಮೇಲೆ ಬಂದು ಹೋಗುತ್ತಾರೆ. ಬಂದಾಗ ‘ಇದ್ದುಬಿಡು’ ಎಂಬ ಒಂದೇ ಪದ ಸೊನ್ನೆಯಣ್ಣನ ನಾಲಿಗೆಯ ತುದಿಯವರೆಗೆ ಬಂದು, ಅಲ್ಲೇ ಮಲಗಿಬಿಡುತ್ತದೆ.

ಈ ವರ್ಷ ಅದನ್ನು ಹೇಳಿಯೇ ತೀರುತ್ತೇನೆಂದು ಅವರು ಶಪಥ ಮಾಡಿದರು. ಹೇಳಬೇಕಾದರೆ ಎದುರು ನಿಲ್ಲಬೇಕು. ಎದುರು ನಿಲ್ಲಬೇಕಾದರೆ, ಆಕೆ ಬಿಟ್ಟುಹೋದ ಗಂಡನ ಹಾಗೆ ಕಾಣಬೇಕು. ಕನ್ನಡಿಯಲ್ಲಿ ನೋಡಿದರೆ ಅಲ್ಲಿ ನಿಂತಿದ್ದವರು ತಮ್ಮ ಮಾವನವರೋ ಎಂಬ ಅನುಮಾನ. ಇದೇ ಆಸೆಗೆ ಬಿದ್ದು ನಮ್ಮ ಸೊನ್ನೆಯಣ್ಣ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಊರೆಲ್ಲ ನಗುವಂಥ ಕೆಲಸ ಮಾಡಿದರು. ಕೂದಲಿಗೆ ಬಣ್ಣ ಹಚ್ಚಿದರು. ಅದೂ ಮಗಳಿಗೆ ಹೇಳದೆ, ನಾಚಿಕೆಯಿಂದ, ಸಂತೆ ಬೀದಿಯ ಮೂಲೆಯಲ್ಲಿ ಮಾರುವ ಬಾಟಲಿ ತಂದು, ಸ್ವಲ್ಪ ಸ್ವಲ್ಪವೇ ಹಚ್ಚಿ, ದಿನಕ್ಕಿಷ್ಟು ಎಂಬಂತೆ ಕಪ್ಪಾದರು. ‘ಒಂದೇ ದಿನ ಕಪ್ಪಾದ್ರೆ ಜನ ಆಡ್ಕೋತಾರೆ ಅಂತ,’ ಎನ್ನುತ್ತಾರೆ. ಜನ ಏನೂ ಆಡಿಕೊಳ್ಳಲಿಲ್ಲ. ಆಡಿದ್ದು ಯಂತ್ರ.

ಖಾಲಿ ಬಟ್ಟಲಿನಲ್ಲಿ ಸೀಸ ಬಂತು.

ಮೊದಲ ದಿನ ಮುಖ್ಯಸ್ಥೆ ನಂಬಲಿಲ್ಲ. ಹಳೆಯ ಮುಖ್ಯಸ್ಥರ ಜಾಗಕ್ಕೆ ಬಂದ ಈಕೆಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ; ಆಕೆ ಮಾತ್ರ ಇವರನ್ನು ಅಣ್ಣಾ ಎನ್ನುತ್ತಾರೆ. ಎರಡನೆಯ ದಿನವೂ ಸೀಸ. ಆಮ್ಲದ ಬಾಟಲಿ ಬದಲಾಯಿತು. ನೀರಿನ ಶೋಧಕ ಬದಲಾಯಿತು. ಮೇಡಂ ಒದ್ದೆ ಕಾಗದದಿಂದ ಮೇಜು, ನಲ್ಲಿ, ಬಾಗಿಲ ಹಿಡಿ, ಕಿಟಕಿ ಚೌಕಟ್ಟು ಎಲ್ಲವನ್ನೂ ಒರೆಸಿ ಒರೆಸಿ ಯಂತ್ರಕ್ಕೆ ಕುಡಿಸಿದರು. ಗೋಡೆಯ ಹಲ್ಲಿಯೊಂದನ್ನು ಬಿಟ್ಟು ಪರೀಕ್ಷೆಗೆ ಒಳಗಾಗದ ಜೀವ ಆ ಕಟ್ಟಡದಲ್ಲಿ ಉಳಿಯಲಿಲ್ಲ. ಎಲ್ಲವೂ ಸೊನ್ನೆ. ಹೊರಗೆ ಗೋದಾಮಿನಲ್ಲಿ ಬೆಟ್ಟದಷ್ಟು ಗೊಬ್ಬರ ವರದಿಗಾಗಿ ಕಾದು ಕೂತಿತ್ತು. ಬಿತ್ತನೆ ಹತ್ತಿರವಾಗಿತ್ತು.

‘ಖಾಲಿಯಲ್ಲಿ ಬಂದಷ್ಟು ಸೀಸವನ್ನ ಉಳಿದವುಗಳಿಂದ ಕಳೆದುಬಿಟ್ಟರೆ ಆಗಲ್ವಾ ಮೇಡಂ?’ ಎಂದು ಸೊನ್ನೆಯಣ್ಣ ಮೆಲ್ಲಗೆ ಕೇಳಿದರು.

‘ಹೇಗೆ ಕಳೆಯೋಣ ಅಣ್ಣಾ? ನಿನ್ನೆ ಇಷ್ಟು, ಇವತ್ತು ಅದರ ಮೂರರಷ್ಟು. ಒಂದು ಬಟ್ಟಲಿಗೆ ಬಿದ್ದಿದೆ, ಇನ್ನೊಂದಕ್ಕೆ ಇಲ್ಲ. ಒಳ್ಳೇ ಗೊಬ್ಬರ ಕೆಟ್ಟದ್ದು ಅನ್ನಿಸ್ಕೊಳ್ಳುತ್ತೆ. ಕೆಟ್ಟದ್ದು ಒಳ್ಳೇದಾಗಿ ಹೊಲಕ್ಕೆ ಹೋಗುತ್ತೆ.’ ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ‘ಏನೋ ಮೇಲಿಂದ ಉದುರ್ತಿದೆ. ಏನು ಅಂತ ಗೊತ್ತಾಗ್ತಿಲ್ಲ.’

ಕುಂಬಳಕಾಯಿ ಕಳ್ಳ ಎಂದರೆ ಜನ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಸೊನ್ನೆಯಣ್ಣ ತಲೆ ಮುಟ್ಟಿ ನೋಡಿಕೊಂಡರು. ಟೋಪಿಯನ್ನು ತೆಗೆದು ಒಳಗಡೆ ನೋಡಿದರೆ, ಬೆವರು ಇಳಿದ ಕಡೆಯೆಲ್ಲ ಕಂದು ಗೆರೆ. ಕೆಲವು ಕೂದಲಿನ ಬಣ್ಣಗಳಲ್ಲಿ ಸೀಸವಿರುತ್ತದೆ ಎಂಬುದು ಇಂಥ ಕೋಣೆಗಳಲ್ಲಿ ಕೆಲಸ ಮಾಡುವವರೆಲ್ಲ ಮೊದಲ ವಾರವೇ ಕಲಿಯುವ ಪಾಠ. ಹೊಸಬರಿಗೆ ಆ ಪಾಠ ಹೇಳಿಕೊಡುವವರೂ ಇವರೇ.

ಇಲ್ಲಿ ಅವರು ಒಂದು ತಪ್ಪು ಮಾಡಿದರು, ಅದನ್ನು ಮುಚ್ಚಿಡುವುದೂ ಇಲ್ಲ. ಗೊತ್ತಾದ ಮೇಲೂ ಒಂದು ದಿನ ಬಾಯಿ ಬಿಡಲಿಲ್ಲ. ‘ಅವಳು ಬರೋಕೆ ಇನ್ನು ಎರಡೇ ದಿನ ಇತ್ತು,’ ಎನ್ನುತ್ತಾರೆ. ‘ಅವಳು ಒಂದ್ಸಲ ನೋಡಿಬಿಡ್ಲಿ, ಆಮೇಲೆ ಏನಾದ್ರೂ ಆಗ್ಲಿ ಅನ್ನಿಸ್ತು.’ ಒಂದರ ಮೇಲೊಂದು ಎರಡು ಟೋಪಿ ಹಾಕಿಕೊಂಡು, ಹುಬ್ಬಿನ ಮೇಲೆ ಬಟ್ಟೆ ಬಿಗಿದು, ಯುದ್ಧಕ್ಕೆ ಹೊರಟ ಸೇನಾಪತಿಯಂತೆ ಕೂತು ನಲವತ್ತು ಬಟ್ಟಲು ಮಾಡಿದರು. ಸೀಸ ಮತ್ತೆ ಬಂತು. ಸಂಜೆ ಮೇಡಂ ಆಮ್ಲ ಕಳಿಸಿದವರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದುದು ಗೋಡೆಯಾಚೆಯಿಂದ ಕೇಳಿಸಿತು. ಆ ಕಡೆಯವನು ಯಾರೋ ಏನೋ, ತಪ್ಪಿಲ್ಲದೆ ಬೈಸಿಕೊಳ್ಳುತ್ತಿದ್ದಾನೆ. ಸೊನ್ನೆಯಣ್ಣನಿಗೆ ಅದನ್ನು ಕೇಳಿಕೊಂಡು ಕೂರಲಾಗಲಿಲ್ಲ. ಎದ್ದುಹೋಗಿ ಮೇಡಂ ಎದುರು ಟೋಪಿ ತೆಗೆದರು.

ಮೇಡಂ ಫೋನ್ ಕೆಳಗಿಟ್ಟರು. ಕಪ್ಪು ತಲೆಯನ್ನೇ ನೋಡುತ್ತಾ ನಿಂತರು. ಬೈಯಲಿಲ್ಲ. ‘ಅಕ್ಕ ಯಾವಾಗ ಬರ್ತಾರೆ?’ ಎಂದರು.

‘ನಾಳೆ ಸಂಜೆ.’

‘ರಜೆ ತಗೊಳ್ಳಿ ಅಣ್ಣಾ. ಅಕ್ಕ ನೋಡ್ಲಿ. ಆಮೇಲೆ ನೋಡೋಣ.’

‘ಬಿತ್ತನೆ?’

ಬಟ್ಟಲು ಮಾಡುವ ಇನ್ನೊಂದು ಕೈ ಆ ಪರೀಕ್ಷಾಲಯದಲ್ಲಿರಲಿಲ್ಲ. ಇದ್ದೊಬ್ಬರು ಹೆರಿಗೆ ರಜೆಯಲ್ಲಿದ್ದರು.

ಅಲ್ಲಿಂದ ನೆಟ್ಟಗೆ ಮಗಳ ಅಂಗಡಿಗೆ. ಮಗಳು ಗಿರಾಕಿಯ ಕತ್ತಿನ ಸುತ್ತ ಬಟ್ಟೆ ಬಿಗಿಯುತ್ತಾ ಕನ್ನಡಿಯಲ್ಲೇ ಅಪ್ಪನನ್ನು ನೋಡಿದಳು. ಗಿರಾಕಿ ಹೋಗುವವರೆಗೂ ತಡೆದುಕೊಂಡಳು, ಅದು ಅವಳ ದೊಡ್ಡತನ.

‘ಅಮ್ಮನ ಪೌಡರ್ ಡಬ್ಬೀನ ಮನೆಯಿಂದ ಗಡೀಪಾರು ಮಾಡಿದ ಮಹಾನುಭಾವ ನೀನೇ ತಾನೆ?’

‘ನಾನೇ ಕಣಮ್ಮ.’

‘ನನ್ನನ್ನ ಒಂದು ಮಾತು ಕೇಳಿದ್ರೆ ಸೀಸ ಇಲ್ಲದ್ದು ಹಚ್ಚಿಕೊಡ್ತಿದ್ದೆ. ಮಗಳು ಇಡೀ ಊರಿಗೆ ಬಣ್ಣ ಬಳೀತಾಳೆ, ಅಪ್ಪ ಸಂತೇಲಿ ಬಾಟಲಿ ಕೊಳ್ತಾನೆ.’

‘ಈಗ ತೊಳೆದ್ರೆ ಹೋಗುತ್ತಾ?’

‘ಅದು ಕೂದಲೊಳಗೆ ಇಳಿದಿರುತ್ತೆ. ತೊಳೆದ್ರೆ ಹೋಗಲ್ಲ.’ ಅವಳು ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಅವಳ ದನಿ ಸ್ವಲ್ಪ ಇಳಿಯಿತು. ‘ಚೆನ್ನಾಗೇ ಹಚ್ಚಿದೀಯ. ಕಿವಿ ಹಿಂದೆ ಕೂಡ ಬಿಟ್ಟಿಲ್ಲ. ನಿಜ ಹೇಳ್ತೀನಿ, ಹತ್ತು ವರ್ಷ ಚಿಕ್ಕೋನಾಗಿ ಕಾಣ್ತೀಯ ಅಪ್ಪ.’

‘ಹೌದಾ?’ ಎಂದರು ಸೊನ್ನೆಯಣ್ಣ. ಕನ್ನಡಿಯಲ್ಲಿ ಒಂದು ಗಳಿಗೆ ನೋಡಿಕೊಂಡರು. ಆಮೇಲೆ, ‘ಬೋಳಿಸು,’ ಎಂದರು.

ಮರುದಿನ ಮುಂಜಾನೆ, ಕೂದಲೇ ಇಲ್ಲದ ತಲೆಯ ಮೇಲೆ ಹೊಸ ಟೋಪಿ ಹಾಕಿಕೊಂಡು ಅವರು ಬಟ್ಟಲು ಮಾಡಿದರು. ಖಾಲಿ ಬಟ್ಟಲು ಸೊನ್ನೆ ತೋರಿಸಿತು. ಗೋದಾಮಿನ ಬೆಟ್ಟದಲ್ಲಿ ಒಂದು ಪಾಲು ಮಾತ್ರ ಕ್ಯಾಡ್ಮಿಯಂ ಮಿತಿಮೀರಿದ್ದು ಸಿಕ್ಕಿತು, ಅದು ಅಲ್ಲೇ ಉಳಿಯಿತು. ಉಳಿದದ್ದು ಲಾರಿ ಹತ್ತಿತು. ಮೇಡಂ ಆಮ್ಲದವನಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದರು. ಸೊನ್ನೆಯಣ್ಣ ಒಗೆದ ಅಂಗಿ ತೊಟ್ಟು ವಿಮಾನ ನಿಲ್ದಾಣಕ್ಕೆ ಹೊರಟರು.

ಹೊರಬಾಗಿಲಿನ ಹತ್ತಿರ ಪ್ರಪಂಚದ ಜನವೆಲ್ಲ ಅವತ್ತೇ ಬಂದಿಳಿದಂಥ ಗದ್ದಲ. ಹೆಂಡತಿ ಚೀಲದ ಗಾಡಿ ತಳ್ಳುತ್ತಾ ಹೊರಗೆ ಬಂದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಸೊನ್ನೆಯಣ್ಣನ ಮುಖದ ಮೇಲಿಂದ ಆಕೆಯ ಕಣ್ಣು ಹಾದುಹೋಯಿತು, ನಿಲ್ಲಲಿಲ್ಲ. ಗಾಡಿ ಅವರ ಪಕ್ಕದಿಂದಲೇ ಮುಂದೆ ಹೋಯಿತು. ಇವರು ಒಂದು ಹೆಜ್ಜೆ ಮುಂದಿಟ್ಟು ನಿಂತರು. ಎಷ್ಟು ರಾತ್ರಿ ಮನಸ್ಸಿನಲ್ಲೇ ನೋಡಿಕೊಂಡ ಮುಖ ಅದು, ಎಷ್ಟು ಸಲ ಕನಸಿನಲ್ಲಿ ಇದೇ ಬಾಗಿಲು ತೆರೆದಿತ್ತು. ಕನಸಿನಲ್ಲಿ ಆಕೆ ಒಮ್ಮೆಯೂ ಹೀಗೆ ದಾಟಿಹೋಗಿರಲಿಲ್ಲ.

ಸ್ವಲ್ಪ ದೂರ ಹೋಗಿ ಗಾಡಿ ನಿಂತಿತು. ಆಕೆ ಹಿಂತಿರುಗಿ ನೋಡಿದರು. ಜನರೆಲ್ಲ ಕಂಬಿಗೆ ಒರಗಿದ್ದರು, ಕೈ ಬೀಸುತ್ತಿದ್ದರು, ಮಕ್ಕಳನ್ನು ಹಿಡಿದಿದ್ದರು. ನಡುವೆ ಒಬ್ಬ ಬೋಳು ಮನುಷ್ಯ, ಕೈಗಳನ್ನು ಮೈಯಿಂದ ದೂರ ಹಿಡಿದು, ಯಾವುದಕ್ಕೂ ತಾಗದೆ ನಿಂತಿದ್ದ.

‘ರೀ,’ ಎಂದರು ಆಕೆ. ಹತ್ತಿರ ಬಂದು ತಲೆಯನ್ನು ನೋಡಿದರು. ‘ಏನ್ರೀ ಇದು ಅವತಾರ?’

‘ಸೀಸ,’ ಎಂದರು ಸೊನ್ನೆಯಣ್ಣ.

ಇಷ್ಟು ವರ್ಷ ಕಾದವರಿಗೆ ಹೇಳುವುದಕ್ಕೆ ಸಿಕ್ಕ ಮೊದಲ ಮಾತು ಅದು. ಪೌಡರ್ ಬಿಟ್ಟ ಹೆಂಗಸಿಗೆ ಅಷ್ಟೇ ಸಾಕಾಯಿತು. ಎಲ್ಲವೂ ಅರ್ಥವಾಗಿ ಗಾಡಿಯ ಮೇಲೆ ಬಗ್ಗಿ ನಕ್ಕರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ‘ನನಗೋಸ್ಕರ ಬಣ್ಣ ಹಚ್ಕೊಂಡ್ರಾ?’ ಎಂದು ಕೇಳಿದಾಗ ನಗು ಇರಲಿಲ್ಲ. ಆಮೇಲೆ ಗಂಡನ ಕೈಯನ್ನು ಹಿಡಿದುಕೊಂಡರು. ಇವರು ಬಿಡಿಸಿಕೊಳ್ಳಲಿಲ್ಲ.

ರಜೆಯ ದಿನಗಳಿಗೆ ರೆಕ್ಕೆ. ಹೊರಡುವುದು ಇನ್ನೇನು ಎನ್ನುವಾಗ ಒಂದು ಮಧ್ಯಾಹ್ನ, ಅಡುಗೆಮನೆಯಲ್ಲಿ ಆಕೆ ಪಾತ್ರೆ ತೊಳೆಯುತ್ತಿದ್ದರು, ಇವರು ಒರೆಸುತ್ತಿದ್ದರು. ತಟ್ಟೆಯೊಂದನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿ, ಅದಕ್ಕೇ ಹೇಳುವವರಂತೆ ಸೊನ್ನೆಯಣ್ಣ ಹೇಳಿದರು: ‘ಇದ್ದುಬಿಡು.’

ಆಕೆ ನಲ್ಲಿ ನಿಲ್ಲಿಸಿದರು. ‘ಇದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?’

‘ನಿನಗೆ ಕೇಳ್ಬೇಕು ಅಂತಿತ್ತಾ?’

‘ಪ್ರತಿ ಸಲ ಬಂದಾಗ್ಲೂ ಕಾದೆ.’ ಸೆರಗಿನ ತುದಿಯಲ್ಲಿ ಕೈ ಒರೆಸಿಕೊಂಡು ಆಕೆ ಕುರ್ಚಿ ಎಳೆದು ಕೂತರು. ‘ಮೊದಲೆರಡು ಸಲ ಕೇಳಿದ್ರೆ ಇದ್ದುಬಿಡ್ತಿದ್ದೆ. ಈಗ ಆಗಲ್ಲ ರೀ. ಆ ಮನೇಲಿ ಈಗ ಅಜ್ಜಿ ಒಬ್ಬರೇ ಉಳಿದಿದಾರೆ. ಅವರಿಗೆ ಮಾತು ಹೋಗಿದೆ. ಬೇರೆ ಯಾರು ತಿನ್ನಿಸಿದ್ರೂ ಬಾಯಿ ಬಿಡಲ್ಲ, ನಾನು ಪಕ್ಕದಲ್ಲಿ ಕೂತು ತುತ್ತಿಟ್ರೆ ಮಾತ್ರ ನುಂಗ್ತಾರೆ. ಈ ರಜೆಗೇ ನರ್ಸು ದಿನಾ ಫೋನ್ ಮಾಡಿ, ಯಾವಾಗ ಬರ್ತೀಯ ಅಂತ ಕೇಳ್ತಿದಾಳೆ. ನೀವಿರೋವರೆಗೂ ಇರ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟಿದೀನಿ. ಅವರಿಗೆ ಕೇಳಿಸ್ತೋ ಇಲ್ವೋ, ಕೊಟ್ಟಾಗಿದೆ.’

ಸೊನ್ನೆಯಣ್ಣ ಇನ್ನೊಂದು ತಟ್ಟೆ ತೆಗೆದುಕೊಂಡರು. ಅದು ಒರೆಸಿಟ್ಟದ್ದೇ ಆಗಿತ್ತು.

‘ಆಮೇಲೆ?’ ಎಂದರು.

‘ಆಮೇಲೆ ಬಂದುಬಿಡ್ತೀನಿ. ಬೇಡ ಅಂದ್ರೂ ಹೋಗಲ್ಲ.’

ಆಕೆ ಹೋಗಿ ಈಗ ಕೆಲವು ವಾರಗಳಾಗಿವೆ. ಮೋಟು ಕೂದಲು ಅಪ್ಪಟ ಬಿಳಿಯಾಗಿಯೇ ಬರುತ್ತಿದೆ, ಮಗಳು ಏನೂ ಹಚ್ಚಲು ಬಿಟ್ಟಿಲ್ಲ. ಬಟ್ಟಲುಗಳೆಲ್ಲ ಮುಚ್ಚಿಯಾದ ಮೇಲೆ, ರಸ್ತೆಯಲ್ಲಿ ಮೊದಲ ಲಾರಿ ಗುಡುಗುವ ಹೊತ್ತಿಗೆ, ಸೊನ್ನೆಯಣ್ಣ ಹಿಂಬಾಗಿಲ ಮೆಟ್ಟಿಲಿಗೆ ಬಂದು ಕೂತು ಹೆಂಡತಿಗೆ ಫೋನ್ ಮಾಡುತ್ತಾರೆ; ಅಲ್ಲಿ ಅಷ್ಟೊತ್ತಿಗೆ ಬೆಳಗಾಗಿ ಹೋಗಿರುತ್ತದೆ. ಕೇಳುವ ಮೊದಲ ಪ್ರಶ್ನೆ ಅಜ್ಜಿಯದೇ. ರಾತ್ರಿ ನಿದ್ದೆ ಬಂತಾ, ಬೆಳಿಗ್ಗೆ ಎಷ್ಟು ತುತ್ತು ಹೋಯಿತು, ಕೆಮ್ಮು ಹೇಗಿದೆ. ‘ಅಪ್ಪನಿಗೆ ಅಮ್ಮನಿಗಿಂತ ಆ ಅಜ್ಜಿ ಮೇಲೇ ಪ್ರೀತಿ’ ಎಂದು ಮಗಳು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ.

ಅವರು ನಗುವುದಿಲ್ಲ. ‘ಹೆಂಡತಿ ಬೇಗ ಬರ್ಲಿ ಅಂತ ಬೇಡ್ಕೊಳ್ಳೋ ಹಾಗಿಲ್ಲ ನೋಡಿ. ಹಾಗೆ ಬೇಡ್ಕೊಂಡ್ರೆ ಇನ್ನೇನನ್ನೋ ಬೇಡ್ಕೊಂಡ ಹಾಗಾಗುತ್ತೆ,’ ಎನ್ನುತ್ತಾರೆ, ಮೊಣಕಾಲಿನಿಂದ ಕೈಗಳನ್ನು ಒಂದಿಷ್ಟು ಮೇಲೆ ಹಿಡಿದು. ‘ಒಂದು ಜೀವ ಅದು. ಅದಕ್ಕೇ ನಾನು ದಿನಾ ಅಜ್ಜಿ ನೂರು ವರ್ಷ ತುಂಬಿಸ್ಲಿ ಅಂತ ಮನಸಾರೆ ಕೇಳ್ಕೊಳ್ತೀನಿ.’

ಅಜ್ಜಿಗೆ ಈಗ ಎಷ್ಟು ವಯಸ್ಸು ಎಂದು ಕೇಳಿದರೆ, ತೊಂಬತ್ತೇಳು ನಡೆಯುತ್ತಿದೆ ಎನ್ನುತ್ತಾರೆ. ಎದ್ದು ಒಳಗೆ ಹೊರಡುತ್ತಾ, ತಾವಾಗಿಯೇ ಹೇಳುತ್ತಾರೆ:

‘ನೂರಕ್ಕಿಂತ ಜಾಸ್ತಿ ಕೇಳೋದು ದುರಾಸೆ ಆಗುತ್ತೆ.’